ದಮ್ಮು ಯಾರದು

ಕಬ್ಬು ಇಳಿಸಿ ಖಾಲಿ ಹೊರಟಿದ್ದ ಟ್ರ್ಯಾಕ್ಟರೊಂದು ನನ್ನ ಪಿಕಪ್ ಗಾಡಿಯನ್ನು ಹಿಂದೆ ಹಾಕಿ ಹೋದ ದಿನ ನಾನು ಮಧ್ಯಾಹ್ನದ ಊಟ ಮಾಡಲಿಲ್ಲ. ಗುತ್ತಲದ ಕಡೆಯ ಹಳ್ಳಿಗಳಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಮಾರ್ಕೆಟ್ಟಿಗೆ ಹೊರಟಿದ್ದೆ. ಏರು ಬಂತು. ಎಷ್ಟು ಒತ್ತಿದರೂ ಗಾಡಿ ಸುಂಯ್ ಎಂದು ಸದ್ದು ಮಾಡುತ್ತ ಗಬ್ಬದ ಎಮ್ಮೆಯ ಹಾಗೆ ಹೆಜ್ಜೆ ಹಾಕುತ್ತಿತ್ತು. ಪಕ್ಕಕ್ಕೆ ಬಂದ ಟ್ರ್ಯಾಕ್ಟರಿನವನು ಹಾಡಿನ ಸದ್ದು ತಗ್ಗಿಸಿ, "ಏನ್ರಿ ಸಾವ್ಕಾರ್ರ, ಗಾಡಿಗೆ ದಮ್ಮು ಹತ್ತೈತೇನು? ಇಳದು ದಬ್ಬಲೇನು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮುಂದೆ ಹೋದ.

ನಮ್ಮ ಕಡೆ ದಮ್ಮು ಎಂಬ ಮಾತಿಗೆ ಎರಡು ಅರ್ಥ. ಎತ್ತಿಗೆ, ಪೈಲ್ವಾನನಿಗೆ, ಎಂಜಿನ್ನಿಗೆ ದಮ್ಮು ಇದೆ ಎಂದರೆ ಕಸುವಿದೆ ಎಂದು. ಮನುಷ್ಯರಿಗೆ ದಮ್ಮು ಹತ್ತಿದೆ ಎಂದರೆ ಉಬ್ಬಸದ ರೋಗ. ಯಾವುದು ಎಂಬುದನ್ನು ಕೇಳಿದವರೇ ತಿಳಿದುಕೊಳ್ಳಬೇಕು. ಟ್ರ್ಯಾಕ್ಟರಿನವನು ಎರಡನ್ನೂ ಕೂಡಿಸಿ ನನ್ನ ಮುಖಕ್ಕೆ ಎಸೆದಿದ್ದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಊರಿಗೆಲ್ಲ ಗೊತ್ತು. ಬ್ಯಾಡಗಿಯಲ್ಲಿ ಚೀಲ ಇಳಿಸಿದವನೇ ಸೀದಾ ರಾಣೆಬೆನ್ನೂರಿನ ಪಿ.ಬಿ. ರಸ್ತೆಯ ಗ್ಯಾರೇಜಿಗೆ ಗಾಡಿ ತಿರುಗಿಸಿದೆ.

ಆ ಗ್ಯಾರೇಜಿನ ಮಿಸ್ತ್ರಿ ಮಾತಿನ ಮಲ್ಲ. ಬಾನೆಟ್ ಎತ್ತಿ, ರಬ್ಬರ್ ಪೈಪು ಬಿಚ್ಚಿ, ಒಳಗಿನ ಸಣ್ಣ ಫ್ಯಾನಿಗೆ ಬೆರಳು ಹಚ್ಚಿ ಅಲ್ಲಾಡಿಸಿದ. ಅದು ಮುದುಕರ ಹಲ್ಲಿನ ಹಾಗೆ ಅಲ್ಲಾಡಿತು. "ಟರ್ಬೊ ಹೋಗೈತ್ರಿ," ಎಂದ. ಟರ್ಬೊ ದೊಡ್ಡ ಸೋಜಿಗವೇನಲ್ಲ. ಎಂಜಿನ್ನು ಹೊರಗೆ ಬಿಡುವ ಹೊಗೆಯ ರಭಸಕ್ಕೆ ಒಂದು ಫ್ಯಾನು ತಿರುಗುತ್ತದೆ, ಅದೇ ದಂಡದ ಇನ್ನೊಂದು ತುದಿಯ ಫ್ಯಾನು ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿನೊಳಗೆ ತುರುಕುತ್ತದೆ. ಗಾಳಿ ಹೆಚ್ಚಾದರೆ ಡೀಸೆಲ್ ಚೆನ್ನಾಗಿ ಉರಿದು ಗಾಡಿ ಎಳೆಯುತ್ತದೆ. ಗಾಳಿ ಸಾಲದಿದ್ದರೆ ಎಮ್ಮೆ.

ಮಿಸ್ತ್ರಿ ನನ್ನ ಮುಂದೆ ಎರಡು ದಾರಿ ಇಟ್ಟ. ಇದ್ದ ಅಳತೆಯದೇ ಹೊಸ ಟರ್ಬೊ ಹಾಕಿಸುವುದು ಒಂದು. ಇಲ್ಲವೇ, ದೊಡ್ಡ ಫ್ಯಾನಿನ ಟರ್ಬೊ ತರಿಸಿ, ಪೈಪು ಬದಲಿಸಿ, ಡೀಸೆಲ್ಲನ್ನೂ ಸ್ವಲ್ಪ ಹೆಚ್ಚು ಬಿಡುವ ಹಾಗೆ ಮಾಡುವುದು. ಅವನ ಮನಸ್ಸು ದೊಡ್ಡದರ ಕಡೆಗೇ ಇತ್ತು. "ಒತ್ತಿದ ಕೂಡಲೇ ಬರಂಗಿಲ್ರಿ, ಒಂದು ಚೂರು ತಡಾ ಮಾಡತೈತಿ. ಬಂತಂದ್ರ ಮಾತ್ರ ಹಿಂದ ಹೊಳ್ಳಿ ನೋಡಂಗಿಲ್ಲ," ಎಂದ. ನಂತರ ತನ್ನ ಮೊಬೈಲ್ ತೆಗೆದು, ಅಂಥ ಟರ್ಬೊ ಹಾಕಿಸಿದ ಗಾಡಿಯ ಸದ್ದು ಕೇಳಿಸಿದ. ಸಿಳ್ಳೆ. ಸಣ್ಣಗೆ ಶುರುವಾಗಿ ಏರುತ್ತ ಏರುತ್ತ ಹೋಗುವ ಸಿಳ್ಳೆ. ನನಗೆ ಅಲ್ಲೇ ಮರುಳು ಹಿಡಿಯಿತು, ಆದರೆ ಮುಖದ ಮೇಲೆ ತೋರಿಸಿಕೊಳ್ಳದೆ, "ವಿಚಾರ ಮಾಡ್ತೇನಿ," ಎಂದು ಎದ್ದು ಬಂದೆ.

ಹಾವೇರಿಯಲ್ಲಿ ಬಿಡಿಭಾಗದ ಅಂಗಡಿಯವರೊಬ್ಬರನ್ನೂ ಕೇಳಿದೆ. ಅವರು ಕನ್ನಡಕ ಮೇಲಕ್ಕೆ ಸರಿಸಿ, "ಲೋಡ್ ಹೊರೂ ಗಾಡಿಗೆ ಸಿಳ್ಳಿ ಯಾಕ ಬೇಕ್ರಿ? ಸಣ್ಣದಾದ್ರ ಲಗೂ ಗಾಳಿ ಕೊಡತೈತಿ, ಬುಡದಿಂದ ಎಳೀತೈತಿ," ಎಂದರು. ಸರಿಯಾದ ಮಾತು. ಸರಿಯಾದ ಮಾತು ಕೇಳಿದಾಗ ನನಗೆ ಬರುವ ಸಿಟ್ಟೇ ಬೇರೆ. ಬಿಸಿಲಿಗೆ ತಲೆ ಕಾದದ್ದೂ ಸೇರಿ, ಅಂದು ಹಲಗೇರಿಯ ಮನೆಗೆ ಬರುವಷ್ಟರಲ್ಲಿ ನಾನು ಯಾರ ಮೇಲಾದರೂ ಹರಿಹಾಯಲು ತಯಾರಾಗಿದ್ದೆ.

ಮನೆಯಲ್ಲಿ ಇದ್ದದ್ದು ಹೆಂಡತಿ ಮತ್ತು ತಂಗಿ.

ತಂಗಿಯನ್ನು ಕೊಟ್ಟದ್ದು ಬ್ಯಾಡಗಿಗೆ. ಅವಳ ಗಂಡ ಮಾರ್ಕೆಟ್ಟಿನಲ್ಲಿ ಚೀಲ ತೂಗುವ ಕೆಲಸದವನು, ಒಳ್ಳೆಯವನು. ಮನೆಯ ಹಿಂದೆಯೇ ಖಾರದ ಪುಡಿಯ ಗಿರಣಿ ಇದೆ. ಆ ಊರಿನವರಿಗೆ ಮೆಣಸಿನಕಾಯಿಯ ಘಾಟು ಘಾಟೇ ಅಲ್ಲ. ಹೊಸಬರು ಸೀನುವುದನ್ನು ನೋಡಿ ನಗುತ್ತಾರೆ. ಇವಳೂ ಮೊದಮೊದಲು ಹಾಗೇ ನಗುತ್ತಿದ್ದಳು. ಮುಂದೆ ಅವಳ ಎದೆ ಹಿಡಿಯತೊಡಗಿತು. ಸುಗ್ಗಿಯಲ್ಲಿ ಆ ಗಾಳಿಯಿಂದ ದೂರ ಇರಬೇಕು ಎಂದು ರಾಣೆಬೆನ್ನೂರಿನ ಡಾಕ್ಟರು ಹೇಳಿದ ಮೇಲೆ, ಪ್ರತಿ ವರ್ಷ ಮೆಣಸಿನಕಾಯಿ ಬರುವ ಹೊತ್ತಿಗೆ ನಮ್ಮ ಮನೆಗೆ ಬಂದು ಯುಗಾದಿ ಮುಗಿಸಿಕೊಂಡು ಹೋಗುತ್ತಾಳೆ. ಜೊತೆಗೆ ಒಂದು ಬಟ್ಟೆಯ ಚೀಲ, ಉಸಿರು ಕಟ್ಟಿದಾಗ ಬಾಯಿಗಿಟ್ಟು ಎಳೆದುಕೊಳ್ಳುವ ಸಣ್ಣ ಪಂಪು.

ನಾನು ಅವಳಿಗೆ ಹೋಗು ಎಂದವನಲ್ಲ. ಇರು ಎಂದೂ ಅಂದವನಲ್ಲ. ಅವಳ ಕೆಮ್ಮು ಶುರುವಾದರೆ ಟಿವಿಯ ಸದ್ದನ್ನು ಒಂದಿಷ್ಟು ಹೆಚ್ಚು ಮಾಡುತ್ತಿದ್ದೆ, ಅಷ್ಟೇ. ಅದರಲ್ಲಿ ಏನೋ ತಪ್ಪಿದೆ ಎಂದು ನನಗೆ ಅನ್ನಿಸಿರಲಿಲ್ಲ. ಟಿವಿ ಕೇಳಿಸಬೇಕಲ್ಲ.

ಅಂದು ಊಟಕ್ಕೆ ಕೂತಾಗ ಎರಡು ಟರ್ಬೊಗಳ ಕಥೆ ಹೇಳಿದೆ. ಹೆಂಡತಿ ರೊಟ್ಟಿ ಹಾಕುತ್ತ, "ಸಿಳ್ಳಿ ಹೊಡಕೊಂಡು ಅಡ್ಡಾಡೂ ವಯಸ್ಸು ನಿಮ್ಮದು, ಖರೇ ಐತಿ," ಎಂದಳು. ತಂಗಿ ಮಾತ್ರ ಮನಸ್ಸಿಟ್ಟು ಕೇಳಿ, "ಅಣ್ಣಾ, ಸಣ್ಣದಽ ಹಾಕಸು. ಗಾಳಿ ಬೇಕಂದಾಗ ತಡಾ ಮಾಡಿ ಬಂದ್ರ ಏನ್ ಉಪಯೋಗ?" ಎಂದಳು.

"ನಿನಗ ಗಾಡಿದು ಏನ್ ತಿಳೀತೈತಿ, ಸುಮ್ನ ಉಣ್ಣು," ಎಂದೆ.

ಅವಳು ಸುಮ್ಮನೆ ಉಂಡಳು.

ಕೈ ತೊಳೆದುಕೊಂಡು ಪಡಸಾಲೆಗೆ ಬಂದರೆ ಮಿಸ್ತ್ರಿಯ ಫೋನು. ಏನು ನಿರ್ಧಾರ ಮಾಡಿದಿರಿ ಎಂದು ಕೇಳಿದ. ಟ್ರ್ಯಾಕ್ಟರಿನವನ ನಗು, ಅಂಗಡಿಯವರ ಕನ್ನಡಕ, ಹೆಂಡತಿಯ ಚಾಷ್ಟಿ ತಮಾಷೆ ಎಲ್ಲ ಸೇರಿ ನನ್ನ ನಾಲಿಗೆಗೆ ಬಂತು. ಅಂದು ನಾನು ಆಡಿದ ಮಾತು ಈಗಲೂ ಅಕ್ಷರ ಬಿಡದೆ ನೆನಪಿದೆ. ಯಾಕೆ ನೆನಪಿದೆ ಎಂಬುದು ಮುಂದೆ ತಿಳಿಯುತ್ತದೆ.

"ದಮ್ಮು ಕಟ್ಟಿಬಿಟ್ಟೈತೋ ಮಾರಾಯಾ. ಕುಂತಲ್ಲೇ ಸುಂಯ್ ಅಂತೈತಿ. ಒಂದು ಏರು ಹತ್ತಾಕ ಆಗೂದಿಲ್ಲ. ಇನ್ನೂ ಎಷ್ಟಂತ ಇದಕ್ಕ ಸುರೀಲಿ? ನನಗೂ ಸಾಕಾಗಿ ಹೋಗೈತಿ. ಇದೊಂದು ಸುಗ್ಗಿ ನೋಡ್ತೇನಿ, ಇಲ್ಲಂದ್ರ ಒಯ್ದು ಬ್ಯಾಡಗಿಗೆ ಬಿಟ್ಟು ಬರ್ತೇನಿ. ಅಲ್ಲಿಯವರು ಏನಾರ ಮಾಡಿಕೊಳ್ಳಲಿ."

ಬ್ಯಾಡಗಿಯ ವ್ಯಾಪಾರಿಯೊಬ್ಬರು ಗಾಡಿಯನ್ನು ಇದ್ದ ಹಾಗೇ ಕೊಳ್ಳುತ್ತೇನೆ ಎಂದಿದ್ದರು. ಮಿಸ್ತ್ರಿಗೆ ಅದು ಗೊತ್ತಿತ್ತು. ಆದರೆ ಇಡೀ ಮಾತಿನಲ್ಲಿ ಗಾಡಿ ಎಂಬ ಒಂದು ಶಬ್ದವನ್ನೂ ನಾನು ಬಳಸಿರಲಿಲ್ಲ. ಒಳಗಿನ ಕೋಣೆಯ ಬಾಗಿಲು ತೆರೆದಿತ್ತು, ಅಲ್ಲಿ ತಂಗಿ ಬಟ್ಟೆ ಮಡಚುತ್ತ ಕೂತಿದ್ದಳು.

ನಮ್ಮ ಕಡೆಯ ಮಾತು ಗೊತ್ತಿಲ್ಲದವರಿಗೆ ಇದೊಂದು ಹೇಳಬೇಕು. ಮನೆಯ ಹೆಣ್ಣುಮಕ್ಕಳನ್ನು, ಅದರಲ್ಲೂ ನಮಗಿಂತ ಕಿರಿಯರನ್ನು, ನಾವು ದನಕರುವಿನ ಹಾಗೆ, ಗಾಡಿಗಾಲಿಯ ಹಾಗೆ 'ಬಂತು, ಹೋತು, ಐತಿ' ಎಂದೇ ಮಾತಾಡುತ್ತೇವೆ. ತಂಗಿ ಬಂದೈತಿ, ಮಗಳು ಹೊಂಟೈತಿ. ಅದು ಸಸಾರವಲ್ಲ, ಸಲಿಗೆ ಎಂದು ನಾವು ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳುವವರು ಹೆಚ್ಚಾಗಿ ಗಂಡಸರು.

ಮರುದಿನದಿಂದ ತಂಗಿಯ ರೀತಿಯೇ ಬದಲಾಯಿತು. ಎಲ್ಲರಿಗಿಂತ ಮೊದಲು ಎದ್ದು ಅಂಗಳ ಕಸ ಹೊಡೆಯುವಳು. ಹೊಡೆಯುವ ಮುಂಚೆ ಧೂಳೇಳದ ಹಾಗೆ ನೀರು ಚಿಮುಕಿಸುವಳು. ತುಂಬಿದ ಕೊಡ ಹೊತ್ತು ಮೆಟ್ಟಿಲು ಹತ್ತಿ, ಮೇಲೆ ನಿಂತು ಏನಾದರೊಂದು ಮಾತು ಆಡುವಳು, ಏದುಸಿರು ಇಲ್ಲ ಎಂದು ನನಗೆ ತೋರಬೇಕಲ್ಲ. ಮಾತು ಚಿಕ್ಕದಿರುತ್ತಿತ್ತು. "ಬಿಸಲು ಭಾಳ," ಎನ್ನುವಳು. "ಚಾ ಬೇಕೇನು?" ಎನ್ನುವಳು. ಪಡಸಾಲೆಯಲ್ಲಿ ಕೆಮ್ಮು ನಿಂತೇ ಹೋಯಿತು. ಪಂಪು ಎಲ್ಲೂ ಕಾಣಲಿಲ್ಲ. ನಾನು ಹೆಂಡತಿಗೆ, "ನೋಡು, ತಂಗಿಗೆ ಗುಣ ಆಗಾಕತ್ತೈತಿ. ನಮ್ಮೂರ ಗಾಳಿ ಅಂದ್ರೇನು," ಎಂದು ಹೆಮ್ಮೆಯಿಂದ ಹೇಳಿದೆ. ಹೆಂಡತಿ ನನ್ನ ಮುಖವನ್ನೊಮ್ಮೆ ನೋಡಿ ಒಲೆಯ ಕಡೆ ತಿರುಗಿದಳು.

ಇತ್ತ ನನ್ನ ತಲೆಯ ತುಂಬ ಟರ್ಬೊ. ಗಾಡಿ ಹತ್ತಿದರೆ ಟರ್ಬೊ, ಇಳಿದರೆ ಟರ್ಬೊ. ಮೊಬೈಲಿನಲ್ಲಿ ಸಿಳ್ಳೆಗಳನ್ನು ಕೇಳುತ್ತ ಕೂತಿರುತ್ತಿದ್ದೆ. ಒಂದು ಸಿಳ್ಳೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಬಾಯಿಯಿಂದ ಮಾಡಿ ತೋರಿಸಬಲ್ಲವನಾದೆ. ಸಣ್ಣದೇ ಸರಿ ಎಂದು ಬುದ್ಧಿ ಹೇಳುತ್ತಿತ್ತು. ಲೋಡು ಹೊತ್ತ ಗಾಡಿ ಕೆಳಗಿನ ಗೇರಿನಲ್ಲಿ ಏರು ಹತ್ತುವಾಗ ದೊಡ್ಡ ಫ್ಯಾನು ಬೇಗ ತಿರುಗುವುದಿಲ್ಲ, ಗಾಳಿ ಬರುವುದಿಲ್ಲ, ಅರ್ಧ ಉರಿದ ಡೀಸೆಲ್ ಕರಿ ಹೊಗೆಯಾಗುತ್ತದೆ. ಇಷ್ಟೆಲ್ಲ ತಿಳಿದೇ ದೊಡ್ಡದನ್ನು ಆರಿಸಿದೆ. ಆ ಟ್ರ್ಯಾಕ್ಟರಿನವನು ಎಲ್ಲಾದರೂ ಸಿಕ್ಕರೆ ಅವನ ಕಿವಿಯ ಹತ್ತಿರ ಒಮ್ಮೆ ಸಿಳ್ಳೆ ಹೊಡೆಸಬೇಕಿತ್ತು. ಕಾರಣ ಇಷ್ಟೇ. ಬರೆಯುವಾಗ ಕೈ ಹಿಂದೆ ಸರಿಯುತ್ತದೆ.

ಟರ್ಬೊ ಹಾಕಿಸಿಕೊಂಡು ಸಂಜೆ ಮನೆಯ ಮುಂದೆ ಬಂದು ನಿಲ್ಲಿಸಿದೆ. ಎಂಜಿನ್ ಬಂದ್ ಮಾಡದೆ ಇಬ್ಬರನ್ನೂ ಹೊರಗೆ ಕರೆದೆ. ಹೆಂಡತಿ ಹೊಸ್ತಿಲಲ್ಲೇ ನಿಂತಳು. ತಂಗಿಯನ್ನು ನಾನೇ ಕೈ ಮಾಡಿ ಗಾಡಿಯ ಹತ್ತಿರಕ್ಕೆ ಕರೆದು, "ಕೇಳು ಈಗ," ಎಂದು ಆಕ್ಸಲರೇಟರ್ ಒತ್ತಿದೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಸಿಳ್ಳೆ ಎದ್ದಿತು. ಸಿಳ್ಳೆಗಿಂತ ಮೊದಲು ಹೊಗೆ ಎದ್ದಿತು. ಸೈಲೆನ್ಸರಿನಿಂದ ಕರಿ ಹೊಗೆ ಬುಗ್ಗೆಯಾಗಿ ಬಂದು ಅಂಗಳದಲ್ಲಿ ತುಂಬಿತು. ತಂಗಿ ಕದಲಲಿಲ್ಲ. ತುಟಿ ಬಿಗಿಹಿಡಿದು ನಗುತ್ತಲೇ ನಿಂತಿದ್ದಳು. ಮುಖ ಕೆಂಪಾಗುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು. ನನ್ನ ಖುಷಿ ನೋಡಿ ಅವಳಿಗೂ ಖುಷಿಯಾಗಿದೆ ಎಂದುಕೊಂಡೆ. "ಹೆಂಗೈತಿ?" ಎಂದು ಕೇಳಿದೆ. ಅವಳು ಬಾಯಿ ಬಿಡದೆ, ಚೆನ್ನಾಗಿದೆ ಎಂದು ತಲೆ ಆಡಿಸಿ, ಸಾವಕಾಶವಾಗಿ ನಡೆದು ಹಿತ್ತಲ ಕಡೆ ಹೋದಳು. ಓಡಲಿಲ್ಲ. ನಾನು ಇನ್ನೊಮ್ಮೆ ಸಿಳ್ಳೆ ಹೊಡೆಸಿದೆ.

ಅದಾದ ಮೇಲೆ ಬ್ಯಾಡಗಿಯ ಮೊದಲ ಲೋಡು ಬಂತು. "ನಾಳೆ ಬ್ಯಾಡಗಿಗೆ ಹೋಗೂದೈತಿ," ಎಂದು ಮನೆಯಲ್ಲಿ ಸುಮ್ಮನೆ ಹೇಳಿದ್ದೆ. ಬೆಳಿಗ್ಗೆ ಚಹಾ ಕುಡಿದು ಹೊರಬಂದು ಗಾಡಿಯ ಬಾಗಿಲು ತೆರೆದರೆ ಪಕ್ಕದ ಸೀಟಿನಲ್ಲಿ ತಂಗಿ. ಪೆಟ್ಟಿಗೆಯಲ್ಲಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು, ತಲೆಗೆ ಹೂ ಮುಡಿದಿದ್ದಳು, ತೊಡೆಯ ಮೇಲೆ ಬಟ್ಟೆಯ ಚೀಲ.

"ಎಲ್ಲಿಗೆ ಹೊಂಟಿ?" ಎಂದೆ.

"ಬ್ಯಾಡಗಿಗೆ. ನೀ ಹೆಂಗೂ ಹೊಂಟೀದಿ. ನಂದೊಂದು ಬ್ಯಾರೆ ತ್ರಾಸ ಯಾಕ ನಿನಗ."

"ಈಗ್ಯಾಕ? ಸುಗ್ಗಿ ಮುಗದಿಲ್ಲ. ಗಿರಣಿ ಜೋರ್ ನಡದಾವು."

"ನೀನಽ ಅಂದಿದ್ದಿಯಲ್ಲ ಅಣ್ಣಾ. ಒಯ್ದು ಬ್ಯಾಡಗಿಗೆ ಬಿಟ್ಟು ಬರ್ತೇನಿ ಅಂತ."

"ಯಾವಾಗ ಅಂದೆ?"

ಅವಳು ಎದುರಿನ ಗಾಜಿನಿಂದ ರಸ್ತೆಯನ್ನೇ ನೋಡುತ್ತ ಹೇಳತೊಡಗಿದಳು. ದಮ್ಮು ಕಟ್ಟಿಬಿಟ್ಟೈತಿ. ಕುಂತಲ್ಲೇ ಸುಂಯ್ ಅಂತೈತಿ. ಒಂದು ಏರು ಹತ್ತಾಕ ಆಗೂದಿಲ್ಲ. ಇನ್ನೂ ಎಷ್ಟಂತ ಇದಕ್ಕ ಸುರೀಲಿ. ಎಲ್ಲಿಯೂ ತಪ್ಪಲಿಲ್ಲ. ಸಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ, ಸಿಟ್ಟಿಲ್ಲದೆ, ನನ್ನ ಮಾತನ್ನು ನನಗೆ ಒಪ್ಪಿಸಿದಳು.

ನನಗೆ ನಗು ಬಂತು. ಜೋರಾಗಿಯೇ ನಕ್ಕೆ. "ಹುಚ್ಚಿ, ಅದು ಗಾಡಿ ಮಾತು. ಮಿಸ್ತ್ರಿ ಕೂಡ ಗಾಡಿದು ಮಾತಾಡಿದ್ದು," ಎಂದೆ.

ಅವಳು ನಗಲಿಲ್ಲ. "ಮೊದಲ ನಾನೂ ಹಂಗಽ ಅನಕೊಂಡೆ," ಎಂದಳು. "ಗಾಡಿದಽ ಇರಬೇಕು ಅಂತ ಮನಸಿಗೆ ಹೇಳಿಕೊಂಡೆ. ಆಮ್ಯಾಲ ನೀ ಗಾಡಿಗೆ ಹೊಸಾ ಟರ್ಬೊ ಹಾಕಿಸಿಕೊಂಡು ಬಂದಿ. ಮತ್ತ ಬ್ಯಾಡಗಿಗೆ ಬಿಡೂದು ಉಳದದ್ದು ನಾನಽ ಅಲ್ಲೇನು?"

ನನ್ನ ನಗು ಬಾಯಲ್ಲೇ ಉಳಿಯಿತು. ಹೊಸ್ತಿಲಲ್ಲಿ ಹೆಂಡತಿ ನಿಂತಿದ್ದಳು. "ಅಕಿ ಹಿತ್ತಲದಾಗ ಹೋಗಿ ಕೆಮ್ಮೂದು ನನಗ ಗೊತ್ತಿತ್ತು," ಎಂದಳು. "ನಿಮಗ ಹೇಳಬಾರದು ಅಂತ ನನ್ನ ಕಡಿಂದ ಆಣಿ ಹಾಕಿಸಿಕೊಂಡಿತ್ತು. ಯಾಕ ಅಂತ ನನಗೂ ಹೇಳಿದ್ದಿಲ್ಲ."

ನೆಲ ಬಾಯಿ ಬಿಟ್ಟಿದ್ದರೆ ಇಳಿದು ಹೋಗುತ್ತಿದ್ದೆ. ಕೊಡ ಹೊತ್ತು ಮೆಟ್ಟಿಲು ಹತ್ತಿದ್ದು, ಮೇಲೆ ನಿಂತು ಚಾ ಬೇಕೇನು ಎಂದು ಕೇಳಿದ್ದು, ಹೊಗೆಯಲ್ಲಿ ಉಸಿರು ಹಿಡಿದು ನಕ್ಕದ್ದು, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ನನ್ನ ಮನೆಯಲ್ಲಿ ಉಳಿಯಲು ಅವಳು ಪರೀಕ್ಷೆ ಬರೆಯುತ್ತಿದ್ದಳು, ನಾನು ಸಿಳ್ಳೆ ಕೇಳುತ್ತ ಕೂತಿದ್ದೆ.

ನಾಚಿಕೆ ಆ ಮಾತಿನದ್ದಲ್ಲ. ಮಾತು ಗಾಡಿಯದ್ದೇ, ಅದರಲ್ಲಿ ಸುಳ್ಳಿಲ್ಲ. ಆದರೆ ಒಂದು ಮನೆಯಲ್ಲಿ ಅಣ್ಣನ ಬಾಯಿಂದ ಅಂಥ ಮಾತು ಕೇಳಿದ ತಂಗಿಗೆ, 'ನಮ್ಮಣ್ಣ ನನಗ ಹಂಗ ಅನ್ನಾಂವಲ್ಲ' ಎಂದು ಥಟ್ಟನೆ ಅನ್ನಿಸಬೇಕಿತ್ತು. ಇವಳು ನಂಬಲಿಕ್ಕೆ ತಯಾರಾಗಿಯೇ ಇದ್ದಳು. ವರ್ಷ ವರ್ಷವೂ ಬಂದು, ಟಿವಿಯ ಸದ್ದು ಜೋರಾಗುವುದನ್ನು ಕೇಳುತ್ತ ಕೇಳುತ್ತ ತಯಾರಾಗಿದ್ದಳು. ಗಾಡಿಗಾದರೆ ಗಾಳಿ ಎಷ್ಟು ಬೇಕು, ಯಾವಾಗ ಬೇಕು ಎಂದು ಹಾವೇರಿಯವರೆಗೆ ಹೋಗಿ ಕೇಳಿ ಬಂದವನು ನಾನು. ಅವಳ ಪಂಪಿನಲ್ಲಿ ಔಷಧ ಇದೆಯೋ ಮುಗಿದಿದೆಯೋ ಎಂದು ಒಂದು ದಿನವೂ ಕೇಳಿರಲಿಲ್ಲ.

ಇರು ಎನ್ನಬೇಕಿತ್ತು. ಅಷ್ಟೇ ಮಾತು. ಬದಲಿಗೆ ಫೋನು ತೆಗೆದು ಅವಳ ಗಂಡನಿಗೆ ಹಚ್ಚಿದೆ. ಅವಳ ಕಿಟಕಿಯ ಹತ್ತಿರವೇ ನಿಂತು, ಅವಳಿಗೆ ಕೇಳುವಷ್ಟು ಜೋರಾಗಿ ಮಾತಾಡಿದೆ. "ನಾನ್ರಿ. ಏನಿಲ್ಲ, ಸುಗ್ಗಿ ಮುಗಿಯೂ ತನಕಾ ಇಲ್ಲೇ ಇರತೈತಿ. ದಮ್ಮು ಇನ್ನೂ ಕಡಿಮಿ ಆಗಿಲ್ಲ. ನಾನಽ ಕಳಸಂಗಿಲ್ಲ. ಎಷ್ಟು ದಿನಾ ಆದ್ರೂ ಇರ್ಲಿ, ನಾವು ನೋಡಿಕೊಳ್ತೇವಿ."

ಫೋನು ಇಟ್ಟೆ. ತಂಗಿ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು.

"ಈಗ ಆಡಿದ್ದು ಯಾರ ಮಾತು?" ಎಂದಳು. "ಗಾಡಿದೋ, ನಂದೋ?"

ಚಾಷ್ಟಿಗೆ ಕೇಳಿದಳೋ, ಖರೇ ಕೇಳಿದಳೋ ಗೊತ್ತಾಗಲಿಲ್ಲ. ನನ್ನ ಉತ್ತರ ಒಂದು ಗಳಿಗೆ ತಡವಾಯಿತು. ಆ ಗಳಿಗೆಯಲ್ಲಿ ಅವಳ ಮುಖ ನೋಡಲಾರದೆ ಗಾಡಿಯ ಗಾಲಿಯನ್ನು ನೋಡುತ್ತಿದ್ದೆ. "ನಿಂದವ್ವಾ," ಎಂದೆ. "ನಿಂದಽ ಮಾತು. ನೀ ಇಲ್ಲೇ ಇರು."

ಅವಳು ಚೀಲ ನನ್ನ ಕೈಗೆ ಕೊಟ್ಟು ಇಳಿದಳು. ಅದು ಬಹಳ ಹಗುರವಿತ್ತು. ಹೆಂಡತಿ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು.

ಲೋಡು ತಪ್ಪಿಸುವ ಹಾಗಿರಲಿಲ್ಲ, ಒಬ್ಬನೇ ಹೋದೆ. ಅದೇ ಏರು ಬಂತು. ಗಾಡಿ ಮೊದಲು ಮುನಿಸಿಕೊಂಡು ಹೊಗೆ ಉಗುಳಿತು, ಆಮೇಲೆ ಸಿಳ್ಳೆ ಹೊಡೆಯುತ್ತ ಏರಿತು. ಯಾರನ್ನು ಹಿಂದೆ ಹಾಕಿದೆನೋ ನಾನು ನೋಡಲಿಲ್ಲ. ಅದರ ಮುಂದಿನ ವಾರ ಮಿಸ್ತ್ರಿಯ ಹತ್ತಿರ ಹೋಗಿ ಡೀಸೆಲ್ ಕಡಿಮೆ ಮಾಡಿಸಿದೆ. ಹೊಗೆ ಕಡಿಮೆಯಾಯಿತು, ಗಾಡಿಯ ಕಸುವೂ ಸ್ವಲ್ಪ ಇಳಿಯಿತು. "ಇದಕ್ಕ ದೊಡ್ಡದು ಯಾಕ ಹಾಕಿಸಿದ್ರಿ ಮತ್ತ?" ಎಂದು ಅವನು ಕೇಳಿದ. ಈಗ ಅವನ ಜೊತೆ ಫೋನಿನಲ್ಲಿ ಮಾತಾಡುವಾಗ ವಾಕ್ಯಕ್ಕೊಂದು ಸಲ ಗಾಡಿ, ಗಾಡಿ ಎನ್ನುತ್ತೇನೆ. ಅವನಿಗೆ ನಗು ಬರುತ್ತದೆ.

ಈ ವರ್ಷವೂ ತಂಗಿ ಬಂದಿದ್ದಾಳೆ. ಬಂದ ದಿನವೇ, "ಇಲ್ಲೇ ಕೂತು ಪಂಪು ಎಳಕೋ, ಯಾರೂ ಏನೂ ಅನ್ನಂಗಿಲ್ಲ," ಎಂದು ನಾನೇ ಬಾಯಿಬಿಟ್ಟು ಹೇಳಿದೆ. "ಹೂಂ," ಎಂದಳು. ಹೇಳಿದ್ದು ತಡವಾಗಿತ್ತು. ಅವಳು ಇವತ್ತಿಗೂ ನನ್ನೆದುರು ಕೆಮ್ಮುವುದಿಲ್ಲ. ಬೆಳಿಗ್ಗೆ ನಾನು ಗಾಡಿ ಚಾಲೂ ಮಾಡುವುದನ್ನೇ ಕಾದಿದ್ದು, ಎಂಜಿನ್ ಸದ್ದು ಎದ್ದ ಮೇಲೆ ಹಿತ್ತಲಿಗೆ ಹೋಗಿ, ರಾತ್ರಿಯಿಂದ ಹಿಡಿದಿಟ್ಟದ್ದನ್ನೆಲ್ಲ ಕೆಮ್ಮಿ, ಪಂಪು ಎಳೆದುಕೊಂಡು ಬರುತ್ತಾಳೆ. ಗಾಡಿಯ ಸದ್ದಿನ ಮರೆಯಲ್ಲಿ ಈಗಲೂ ಹೀಗೆ ಮಾಡುವುದು ನನಗೆ ಗೊತ್ತು ಎಂಬುದು ಅವಳಿಗೆ ಗೊತ್ತಿಲ್ಲ.

ಟರ್ಬೊ ಇರುವ ಗಾಡಿಯನ್ನು ಚಾಲೂ ಮಾಡಿದ ಕೂಡಲೇ ಓಡಿಸಬಾರದು, ಆಯಿಲ್ ಫ್ಯಾನಿನವರೆಗೆ ಹೋಗಲು ಸ್ವಲ್ಪ ಹೊತ್ತು ಬಿಡಬೇಕು. ಅದಕ್ಕೆ ತೀರ ಸ್ವಲ್ಪ ಹೊತ್ತು ಸಾಕು. ನಾನು ಸೈಲೆನ್ಸರು ರಸ್ತೆಯ ಕಡೆಗೆ ಇರುವ ಹಾಗೆ ಗಾಡಿ ತಿರುಗಿಸಿ ನಿಲ್ಲಿಸಿ, ಅವಳು ಹಿತ್ತಲಿನಿಂದ ಒಳಗೆ ಬರುವ ತನಕ ಎಂಜಿನ್ ಚಾಲೂ ಬಿಟ್ಟಿರುತ್ತೇನೆ. ಇಷ್ಟು ಹೊತ್ತು ಯಾಕೆ ಎಂದು ಓಣಿಯವರು ಕೇಳುತ್ತಾರೆ. ದೊಡ್ಡ ಟರ್ಬೊ ಅಲ್ಲವೇ, ಬಿಸಿಯಾಗಲು ತಡ ಎನ್ನುತ್ತೇನೆ.